ಭದ್ರಾವತಿಯ ಕುಲುಮೆ, ಬೆಂಗಳೂರಿನ ಮಾರುತ

(ಭದ್ರಾವತಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಯುದ್ಧವಿಮಾನದ ಕತೆಯನ್ನು ಭದ್ರಾವತಿಯಲ್ಲಿ ಹೇಳುವುದೇಕೆ ಎಂಬ ಪ್ರಶ್ನೆ ಸಹಜ. ವಿಮಾನ ಕಟ್ಟಿದ್ದು ಬೆಂಗಳೂರಿನಲ್ಲಿ. ಅದು ಯುದ್ಧಕ್ಕೆ ಹಾರಿದ್ದು ರಾಜಸ್ಥಾನದ ಮರಳುಗಾಡಿನ ಮೇಲೆ. ಭದ್ರಾ ನದಿಯ ದಂಡೆಯ ಈ ಊರಿನಲ್ಲಿ ಆಗಿದ್ದು ಕಬ್ಬಿಣ, ಉಕ್ಕು, ಕಾಗದ ಮತ್ತು ಸಿಮೆಂಟು. ಆದರೂ ಕತೆಯನ್ನು ಇಲ್ಲಿಂದಲೇ ಆರಂಭಿಸುವುದಕ್ಕೆ ಕಾರಣವಿದೆ. ಬಡ ದೇಶವೊಂದು ತನ್ನ ಯುದ್ಧವಿಮಾನವನ್ನು ತಾನೇ ಮಾಡಿಕೊಳ್ಳಲು ಹೊರಟಾಗ ಎಡವಿದ್ದು ಎಂಜಿನ್ನಿನಲ್ಲಿ. ಎಂಜಿನ್ ಎಂಬುದು ಕೊನೆಗೂ ಲೋಹ ಮತ್ತು ಶಾಖದ ವಿದ್ಯೆ. ಆ ವಿದ್ಯೆ ಎಷ್ಟು ವರ್ಷಗಳನ್ನು ಬೇಡುತ್ತದೆ, ಎಷ್ಟು ನಷ್ಟವನ್ನು ಬೇಡುತ್ತದೆ ಎಂಬುದನ್ನು ಭದ್ರಾವತಿಯವರು ತಮ್ಮ ಊರಿನಲ್ಲೇ ಕಂಡವರು.

ಬೆಂಕಿಪುರದ ಪಾಠ

ಈ ಊರಿಗೆ ಬೆಂಕಿಪುರ ಎಂಬ ಹೆಸರಿದ್ದ ಕಾಲ ಅದು. ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರಲ್ಲಿ, ಮೈಸೂರು ಸಂಸ್ಥಾನ ಇಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಮುಂದಾಯಿತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿತ್ತು. ಆದರೆ ಮೈಸೂರಿನಲ್ಲಿ ಕಲ್ಲಿದ್ದಲು ಇರಲಿಲ್ಲ. ಕಲ್ಲಿದ್ದಲಿಲ್ಲದೆ ಊದು ಕುಲುಮೆ ಉರಿಯುವುದು ಹೇಗೆ? ಮಲೆನಾಡಿನ ಸೌದೆಯನ್ನು ಮುಚ್ಚಿದ ಒಲೆಯಲ್ಲಿ ಸುಟ್ಟು ಇದ್ದಿಲು ಮಾಡಿ ಅದರಿಂದ ಕಬ್ಬಿಣ ಕರಗಿಸುವುದೆಂದು ನಿಶ್ಚಯವಾಯಿತು. ಸೌದೆಯ ಹೊಗೆಯಿಂದ ಮದ್ಯಸಾರ, ಡಾಂಬರು ಮುಂತಾದ ಉಪವಸ್ತುಗಳನ್ನು ಹಿಡಿದು ಮಾರುವುದೂ ಯೋಜನೆಯ ಭಾಗವಾಗಿತ್ತು. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಈ ಸೌದೆಯ ಬಟ್ಟಿಗೂ ಕಬ್ಬಿಣಕ್ಕೂ ಸಮಾನ ಸ್ಥಾನವಿತ್ತು.

1923ರ ಜನವರಿಯಲ್ಲಿ ಕುಲುಮೆ ಹೊತ್ತಿಕೊಂಡಿತು. ಅಷ್ಟರಲ್ಲಿ ಯುದ್ಧ ಮುಗಿದು ಜಗತ್ತಿನ ಮಾರುಕಟ್ಟೆಯಲ್ಲಿ ಬೀಡು ಕಬ್ಬಿಣದ ಬೆಲೆ ಕುಸಿದಿತ್ತು. ಹೊಸ ಕಾರ್ಖಾನೆಗೆ ಹುಟ್ಟಿದ ದಿನದಿಂದಲೇ ನಷ್ಟ. ರಾಜ್ಯದ ಹಣವನ್ನು ನೀರಿಗೆ ಸುರಿದಂತಾಯಿತು ಎಂಬ ಟೀಕೆಗೆ ಕೊರತೆಯಿರಲಿಲ್ಲ. ದಿವಾನಗಿರಿಯನ್ನು 1918ರಲ್ಲೇ ಬಿಟ್ಟಿದ್ದ ಎಂ. ವಿಶ್ವೇಶ್ವರಯ್ಯನವರು ಈ ಸಂಕಷ್ಟದ ಹೊತ್ತಿನಲ್ಲಿ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ಅದನ್ನು ನಡೆಸಿದರು. ಖರ್ಚಿಗೆ ಕಡಿವಾಣ ಬಿತ್ತು. ಸ್ಥಳೀಯರಿಗೆ ಕೆಲಸ ಕಲಿಸುವ ವ್ಯವಸ್ಥೆಯಾಯಿತು. ಹಾಗಿದ್ದೂ ಉಕ್ಕು ತಯಾರಾಗುವುದಕ್ಕೆ 1936ರವರೆಗೆ ಕಾಯಬೇಕಾಯಿತು. ಕುಲುಮೆ ಹೊತ್ತಿದ ಮೇಲೆ ಹದಿಮೂರು ವರ್ಷ! ಜೋಗದ ವಿದ್ಯುತ್ತು ಬಂದ ನಂತರ 1952ರಲ್ಲಿ ವಿದ್ಯುತ್ ಕುಲುಮೆಗಳು ಬಂದವು. ವಿಶೇಷ ಮಿಶ್ರ ಉಕ್ಕುಗಳ ತಯಾರಿಕೆ ಶುರುವಾದದ್ದು ಅರವತ್ತರ ದಶಕದಲ್ಲಿ.

ಸೌದೆ ಕಡಿದ ಕಾಡುಗಳ ಲೆಕ್ಕವನ್ನು ಇದರೊಂದಿಗೆ ಸೇರಿಸಿಯೇ ಹೇಳಬೇಕು. ಆ ಬೆಲೆಯನ್ನು ಮಲೆನಾಡು ತೆತ್ತಿದೆ. ಆದರೆ ಪುಟ್ಟ ಸಂಸ್ಥಾನವೊಂದು ಸತತ ನಷ್ಟವನ್ನು ನುಂಗಿಕೊಂಡು ಒಂದು ವಿದ್ಯೆಯನ್ನು ಹಿಡಿದು ಕುಳಿತದ್ದಕ್ಕೆ ಫಲವೂ ದೊರೆಯಿತು. ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಕಾರ್ಖಾನೆಗಳು ನೆಲೆಯೂರಿದ್ದು ಆಕಸ್ಮಿಕವಲ್ಲ. ಕರಗಿದ ಲೋಹದ ಬಣ್ಣ ನೋಡಿ ಶಾಖ ಹೇಳಬಲ್ಲವರು ಒಂದು ಊರಿನಲ್ಲಿ ಎರಡು ಮೂರು ತಲೆಮಾರು ಇದ್ದರೆ ಸುತ್ತಮುತ್ತ ಅಂಥ ಕಸುಬು ತಾನಾಗಿ ಬೆಳೆಯುತ್ತದೆ.

ಕೈಗಾರಿಕೆಗೆ ಸರ್ಕಾರವೇ ಬಂಡವಾಳ ಹಾಕುವ ಮೈಸೂರಿನ ಈ ಅಭ್ಯಾಸವೇ ವಿಮಾನ ಕಾರ್ಖಾನೆಯನ್ನೂ ಕನ್ನಡನಾಡಿಗೆ ತಂದಿತು. ಎರಡನೆಯ ಮಹಾಯುದ್ಧದ ವೇಳೆ ಉದ್ಯಮಿ ವಾಲ್‌ಚಂದ್ ಹೀರಾಚಂದ್ ವಿಮಾನ ತಯಾರಿಸಲು ಜಾಗ ಹುಡುಕುತ್ತಿದ್ದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಬೆಂಗಳೂರಿನಲ್ಲಿ ಭೂಮಿ ಕೊಟ್ಟಿತು, ಬಂಡವಾಳದಲ್ಲಿ ಪಾಲನ್ನೂ ಕೊಟ್ಟಿತು. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಆ ವಿಭಾಗದ ಮೊದಲ ಮುಖ್ಯಸ್ಥರಾಗಿದ್ದ ವಿ.ಎಂ. ಘಾಟಗೆಯವರೇ ಮುಂದೆ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ವಿನ್ಯಾಸ ಮಾಡಿದರು. 1951ರಲ್ಲಿ ಅದು ಹಾರಿತು. ಅದು ಪ್ರೊಪೆಲರ್ ವಿಮಾನ. ಅಲ್ಲಿಂದ ಐದೇ ವರ್ಷದಲ್ಲಿ ದೇಶ ಶಬ್ದದ ಎರಡು ಪಟ್ಟು ವೇಗದ ಜೆಟ್ ಯುದ್ಧವಿಮಾನದ ಕನಸು ಕಂಡಿತು.

ಜರ್ಮನಿಯಿಂದ ಬಂದ ವಿನ್ಯಾಸಕಾರ

1956ರಲ್ಲಿ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಮಹಾಯುದ್ಧದಲ್ಲಿ ಜರ್ಮನಿಯ ಹೆಸರಾಂತ ಫೋಕ್-ವುಲ್ಫ್ 190 ವಿಮಾನವನ್ನು ರೂಪಿಸಿದವರು ಇವರು. ಯುದ್ಧಾನಂತರ ಅವರು ಹೋದದ್ದು ಅರ್ಜೆಂಟೀನಾಕ್ಕೆ. ಅಲ್ಲಿನ ಅಧ್ಯಕ್ಷ ಪೆರೋನ್ ಅವರಿಗೂ ಸ್ವಂತ ಜೆಟ್ ವಿಮಾನದ ಹಂಬಲವಿತ್ತು. ‘ಪುಲ್ಕಿ-2’ ಎಂಬ ವಿಮಾನ 1950ರಲ್ಲಿ ಹಾರಿಯೂ ಬಿಟ್ಟಿತು. ಆದರೆ 1955ರಲ್ಲಿ ಪೆರೋನ್ ಪದಚ್ಯುತರಾದರು. ಯೋಜನೆ ಅಲ್ಲಿಗೇ ಸೊರಗಿತು. ಆಳುವವರು ಬದಲಾದರೆ ವಿಮಾನವೂ ನಿಲ್ಲುತ್ತದೆ ಎಂಬುದನ್ನು ಟ್ಯಾಂಕ್ ಕಣ್ಣಾರೆ ಕಂಡು ಇಲ್ಲಿಗೆ ಬಂದಿದ್ದರು.

ಭಾರತೀಯ ವಾಯುಪಡೆ ಕೇಳಿದ್ದು ಸಾಮಾನ್ಯ ವಿಮಾನವನ್ನಲ್ಲ. ಸುಮಾರು 18 ಸಾವಿರ ಮೀಟರ್ ಎತ್ತರ ಏರಬೇಕು, ಶಬ್ದದ ಎರಡು ಪಟ್ಟು ವೇಗದಲ್ಲಿ ಸಾಗಬೇಕು, 800 ಕಿಲೋಮೀಟರ್ ದೂರ ಹೋಗಿ ಹೋರಾಡಿ ಮರಳಬೇಕು. ಬೆಂಗಳೂರಿನಲ್ಲಿ ಆಗ ಯುದ್ಧವಿಮಾನ ವಿನ್ಯಾಸದ ಅನುಭವವಿದ್ದ ಭಾರತೀಯರು ಬೆರಳೆಣಿಕೆಯಷ್ಟು. ಟ್ಯಾಂಕ್ ಮತ್ತು ಅವರ ಜರ್ಮನ್ ಸಂಗಡಿಗರ ಜೊತೆ ಕುಳಿತು ಇಲ್ಲಿನ ಎಂಜಿನಿಯರುಗಳು ಕೆಲಸ ಕಲಿತರು. ಮೊದಲು ಮರದಿಂದ ಪೂರ್ಣಾಕಾರದ ಎಂಜಿನ್‌ರಹಿತ ವಿಮಾನವೊಂದನ್ನು ಕಟ್ಟಿದರು. 1959ರಲ್ಲಿ ಡಕೋಟಾ ವಿಮಾನ ಅದನ್ನು ಹಗ್ಗದಲ್ಲಿ ಎಳೆದುಕೊಂಡು ಮೇಲೇರಿ ಬಿಟ್ಟುಬಿಡುತ್ತಿತ್ತು. ತೇಲುತ್ತ ಇಳಿಯುವಾಗ ಅದರ ನಡೆಯನ್ನು ಅಳೆಯುತ್ತಿದ್ದರು. ಕಡಿಮೆ ಖರ್ಚಿನಲ್ಲಿ ಹೆಚ್ಚು ತಿಳಿಯುವ ಜಾಣತನದ ದಾರಿ ಇದು.

1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ನಿಜವಾದ ಎಚ್‌ಎಫ್-24 ವಿಮಾನವನ್ನು ಬೆಂಗಳೂರಿನ ಆಗಸಕ್ಕೆ ಏರಿಸಿದರು. ಅದಕ್ಕೆ ‘ಮಾರುತ’ ಎಂದು ಹೆಸರಾಯಿತು. ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷವೂ ತುಂಬಿರಲಿಲ್ಲ. ವಿಮಾನದ ಮೈಕಟ್ಟು ತೆಳುವಾಗಿ, ಚೂಪಾಗಿ, ಸೊಗಸಾಗಿತ್ತು. ಹಾರಿಸಿದವರೆಲ್ಲ ಅದರ ನಡೆಯನ್ನು ಹೊಗಳಿದರು. ಕೊರತೆಯಿದ್ದದ್ದು ಎಂಜಿನ್ನಿನಲ್ಲಿ.

ಕರಗಬಾರದ ಲೋಹ

ಜೆಟ್ ಎಂಜಿನ್ನಿನ ಕೆಲಸವನ್ನು ಭದ್ರಾವತಿಯವರಿಗೆ ವಿವರಿಸುವುದು ಸುಲಭ. ಮುಂದಿನಿಂದ ಗಾಳಿಯನ್ನು ಎಳೆದುಕೊಂಡು ಒತ್ತಿ, ಅದಕ್ಕೆ ಇಂಧನ ಬೆರೆಸಿ ಉರಿಸಿ, ಬಿಸಿ ಅನಿಲವನ್ನು ಹಿಂದಕ್ಕೆ ರಭಸದಿಂದ ಬಿಡುವುದು. ಹೊರಗೆ ಹೋಗುವ ಮುನ್ನ ಆ ಅನಿಲ ಟರ್ಬೈನ್ ಎಂಬ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರವೇ ಮುಂದಿನ ಗಾಳಿಯೊತ್ತುವ ಯಂತ್ರವನ್ನು ನಡೆಸುತ್ತದೆ. ಕಬ್ಬಿಣ ಕರಗುವುದು 1,500 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಹೆಚ್ಚಿನ ಶಾಖದಲ್ಲಿ. ಆಧುನಿಕ ಯುದ್ಧವಿಮಾನದ ಟರ್ಬೈನಿಗೆ ಬಡಿಯುವ ಅನಿಲದ ಶಾಖವೂ 1,400 ಡಿಗ್ರಿಯನ್ನು ದಾಟುತ್ತದೆ. ಕುಲುಮೆಯಲ್ಲಿ ಲೋಹ ಕರಗಬೇಕು. ಎಂಜಿನ್ನಿನಲ್ಲಿ ಅದೇ ಬೆಂಕಿಯ ನಡುವೆ ಲೋಹ ಕರಗಬಾರದು, ಹಿಗ್ಗಬಾರದು, ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸಲ ಸುತ್ತುತ್ತ ನೂರಾರು ಗಂಟೆ ಬಾಳಬೇಕು.

ಇದಕ್ಕಾಗಿ ನಿಕ್ಕಲ್ ಪ್ರಧಾನವಾದ ಮಿಶ್ರಲೋಹಗಳು ಬೇಕು. ಟರ್ಬೈನಿನ ಅಲಗಿನೊಳಗೆ ಕೂದಲಿನಂಥ ದಾರಿಗಳನ್ನು ಬಿಟ್ಟು ತಣ್ಣನೆಯ ಗಾಳಿ ಹಾಯಿಸಬೇಕು. ಬೀಡನ್ನು ಮುರಿದರೆ ಒಳಮೈ ಹರಳು ಹರಳಾಗಿ ಕಾಣುವುದನ್ನು ಎರಕದ ಕೆಲಸದವರು ಬಲ್ಲರು. ಬಿಸಿಯಲ್ಲಿ ಜಗ್ಗಿದಾಗ ಲೋಹ ಬಿರುಕು ಬಿಡುವುದು ಹರಳು ಹರಳಿನ ನಡುವಿನ ಗೆರೆಯಲ್ಲಿ. ಆದ್ದರಿಂದ ಇಡೀ ಅಲಗನ್ನು ಒಂದೇ ಹರಳಾಗಿ ಬೆಳೆಸುವ ವಿದ್ಯೆಯನ್ನು ಮುಂದುವರಿದ ದೇಶಗಳು ಸಾಧಿಸಿದವು. ಇಂಥ ವಿದ್ಯೆಯನ್ನು ಯಾವ ದೇಶವೂ ಇನ್ನೊಂದಕ್ಕೆ ಸುಲಭವಾಗಿ ಕಲಿಸುವುದಿಲ್ಲ. ಎಂಜಿನ್ನನ್ನು ಮಾರುತ್ತಾರೆ, ಪರವಾನಗಿ ಕೊಟ್ಟು ಜೋಡಿಸಲೂ ಬಿಡುತ್ತಾರೆ. ಅಲಗಿನ ಗುಟ್ಟನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ.

ಮುಚ್ಚಿದ ಮೂರು ಬಾಗಿಲು

ಮಾರುತವನ್ನು ವಿನ್ಯಾಸ ಮಾಡಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್-12 ಎಂಬ ಶಕ್ತಿಶಾಲಿ ಎಂಜಿನ್ನನ್ನು ನಂಬಿ. ಆದರೆ ಅದು ಆಗಿನ್ನೂ ಪೂರ್ಣಗೊಂಡಿರಲಿಲ್ಲ. ಯೂರೋಪಿನ ದೇಶಗಳಿಗೆ ಅದು ಬೇಡವಾದಾಗ ಬ್ರಿಟನ್ ಅದರ ಅಭಿವೃದ್ಧಿಯನ್ನು ನಿಲ್ಲಿಸಿತು. ಭಾರತಕ್ಕೆ ಬೇಕಿದ್ದರೆ ಖರ್ಚನ್ನು ಭಾರತ ಹೊರಬೇಕೆಂಬ ಮಾತು ಬಂತು. ವಿದೇಶಿ ವಿನಿಮಯದ ತೀವ್ರ ಕೊರತೆಯಲ್ಲಿದ್ದ ದೆಹಲಿ ಅದಕ್ಕೆ ಒಪ್ಪಲಿಲ್ಲ. ಕೊನೆಗೆ ಆರ್ಫಿಯಸ್-703 ಎಂಬ ಕಡಿಮೆ ಶಕ್ತಿಯ ಎಂಜಿನ್ನುಗಳನ್ನು ಎರಡೆರಡು ಹಾಕಿ ಹಾರಿಸಬೇಕಾಯಿತು. ಇವು ಜ್ಞಾಟ್ ಎಂಬ ಪುಟ್ಟ ವಿಮಾನಕ್ಕೆ ಒಗ್ಗಿದ ಎಂಜಿನ್ನುಗಳು. ಶಬ್ದದ ಎರಡು ಪಟ್ಟು ವೇಗಕ್ಕೆ ರೂಪಿಸಿದ ವಿಮಾನ ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು.

ಮುಂದೆ ಸೋವಿಯತ್ ಎಂಜಿನ್ನುಗಳ ವಿಚಾರ ನಡೆಯಿತು, ಅದು ಫಲಿಸಲಿಲ್ಲ. ಮೂರನೆಯ ಪ್ರಯತ್ನ ಈಜಿಪ್ಟಿನದು. ನಾಸೆರರ ಈಜಿಪ್ಟ್ ಕೂಡ ಆಗ ಸ್ವಂತ ಯುದ್ಧವಿಮಾನ, ಸ್ವಂತ ಎಂಜಿನ್ ಎರಡನ್ನೂ ಕಟ್ಟುತ್ತಿತ್ತು. ಅವರ ಎಂಜಿನ್ ನಮ್ಮ ಮಾರುತಕ್ಕೆ ಒದಗಬಹುದೆಂದು ಎರಡು ದೇಶಗಳೂ ಕೈಜೋಡಿಸಿದವು. ಒಂದು ಮಾರುತ ವಿಮಾನ ಕೈರೋ ಬಳಿಯ ಹೆಲ್ವಾನಿಗೆ ಹೋಗಿ ಈಜಿಪ್ಟಿನ ಎಂಜಿನ್ ಹೊತ್ತು ಹಾರಿತು. 1964ರಲ್ಲಿ ಈಜಿಪ್ಟಿನ ವಿಮಾನವನ್ನು ಮೊದಲ ಬಾರಿ ಹಾರಿಸಿದವರು ಭಾರತದ ಪರೀಕ್ಷಾ ಪೈಲಟ್ ಕಪಿಲ್ ಭಾರ್ಗವ. ಎರಡು ಬಡ ದೇಶಗಳು ದೊಡ್ಡವರ ಹಂಗಿಲ್ಲದೆ ಮಾಡಿದ ಅಪರೂಪದ ಯತ್ನ ಅದು. 1967ರ ಯುದ್ಧದ ಸೋಲಿನ ನಂತರ ಈಜಿಪ್ಟ್ ಬಳಲಿತು. 1969ರಲ್ಲಿ ಅದರ ಯೋಜನೆ ನಿಂತುಹೋಯಿತು. ಮೂರನೆಯ ಬಾಗಿಲೂ ಮುಚ್ಚಿತು.

ಇದ್ದ ಎಂಜಿನ್ನಿಗೇ ಹೆಚ್ಚಿನ ಬಲ ತುಂಬುವ ಪ್ರಯತ್ನ ಬೆಂಗಳೂರಿನಲ್ಲಿ ನಡೆಯಿತು. ಅಂಥ ವಿಮಾನವೊಂದರ ಪರೀಕ್ಷಾ ಹಾರಾಟದಲ್ಲಿ 1970ರ ಜನವರಿ 10ರಂದು ಸುರಂಜನ್ ದಾಸ್ ಪ್ರಾಣ ಕಳೆದುಕೊಂಡರು. ಆಗ ಅವರು ಗ್ರೂಪ್ ಕ್ಯಾಪ್ಟನ್ ಆಗಿದ್ದರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಓಡಾಡುವ ಸಾವಿರಾರು ಜನರಲ್ಲಿ ಆ ಹೆಸರು ಯಾರದೆಂದು ತಿಳಿದವರು ಕಡಿಮೆ.

ಇಷ್ಟಾದರೂ ಮಾರುತ ನಿಷ್ಪ್ರಯೋಜಕವಾಗಲಿಲ್ಲ. 1967ರಲ್ಲಿ ವಾಯುಪಡೆಯ 10ನೆಯ ಸ್ಕ್ವಾಡ್ರನ್ ಅದನ್ನು ಪಡೆಯಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಶತ್ರು ಟ್ಯಾಂಕುಗಳ ಮೇಲೆ, ರೈಲುಗಳ ಮೇಲೆ ಅದು ದಾಳಿ ನಡೆಸಿತು. ನೆಲದಿಂದ ಬಂದ ಗುಂಡಿಗೆ ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದ ಮರಳಿ ಬಂದದ್ದುಂಟು. ಆಕಾಶದಲ್ಲಿ ವಿಮಾನಕ್ಕೆ ವಿಮಾನ ಎದುರಾದ ಕಾಳಗದಲ್ಲಿ ಒಂದು ಮಾರುತವೂ ಬೀಳಲಿಲ್ಲ. ಬದಲಾಗಿ ಶತ್ರುವಿನ ಒಂದು ಸೇಬರ್ ವಿಮಾನವನ್ನು ಅದು ಉರುಳಿಸಿತು. ಎರಡು ಆಸನದ ತರಬೇತಿ ವಿಮಾನಗಳೂ ಸೇರಿ ಒಟ್ಟು 147 ಮಾರುತಗಳು ತಯಾರಾದವು. 1990ರ ಹೊತ್ತಿಗೆ ಎಲ್ಲವೂ ನಿವೃತ್ತಿಯಾದವು.

ನಲವತ್ತು ವರ್ಷದ ಅಂತರ

ಮಾರುತದ ಎಂಜಿನ್ನಿಗೆ ಹಣ ಕೊಡದ ದೆಹಲಿಯನ್ನು ದೂರುವುದು ಸುಲಭ. ಅಂದಿನ ಸನ್ನಿವೇಶವನ್ನೂ ನೋಡಬೇಕು. ಆಹಾರಧಾನ್ಯಕ್ಕೇ ಪರದೇಶವನ್ನು ನಂಬಿದ್ದ ದೇಶ ಅದು. 1962ರಲ್ಲಿ ಚೀನದೊಂದಿಗೆ ಯುದ್ಧವಾಯಿತು. ವಾಯುಪಡೆಗೆ ವಿಮಾನ ತಕ್ಷಣ ಬೇಕಿತ್ತು. ಅದೇ ವರ್ಷ ಸೋವಿಯತ್ ಒಕ್ಕೂಟದ ಮಿಗ್-21 ವಿಮಾನದ ಒಪ್ಪಂದವಾಯಿತು. ಸಿದ್ಧ ವಿಮಾನ, ಸುಲಭ ಬೆಲೆ, ಇಲ್ಲೇ ಜೋಡಿಸುವ ಪರವಾನಗಿ. ನಾಸಿಕದಲ್ಲಿ ವಿಮಾನದ ಮೈ, ಕೋರಾಪುಟದಲ್ಲಿ ಎಂಜಿನ್. ಅಂದು ಆ ತೀರ್ಮಾನ ತಪ್ಪೆನ್ನುವುದು ಕಷ್ಟ.

ತಪ್ಪಾದದ್ದು ಆಮೇಲೆ. ಬೇರೆಯವರ ನಕ್ಷೆಯಂತೆ ಜೋಡಿಸುವುದನ್ನೇ ತಯಾರಿಕೆ ಎಂದು ದೇಶ ತಿಳಿಯಿತು. ಟ್ಯಾಂಕ್ 1967ರಲ್ಲಿ ಭಾರತ ಬಿಟ್ಟರು. ಅವರ ಬಳಿ ಕಲಿತ ಎಂಜಿನಿಯರುಗಳಿಗೆ ಮಾರುತದ ನಂತರ ಮತ್ತೊಂದು ಹೊಸ ಯುದ್ಧವಿಮಾನ ಸಿಗಲಿಲ್ಲ. ಕೆಲವರು ಬೇರೆ ಕೆಲಸಕ್ಕೆ ಹೋದರು, ಕೆಲವರು ನಿವೃತ್ತರಾದರು. ಹಗುರ ಯುದ್ಧವಿಮಾನದ ಯೋಜನೆಗೆ ಸರ್ಕಾರ 560 ಕೋಟಿ ರೂಪಾಯಿ ಮಂಜೂರು ಮಾಡಿದ್ದು 1983ರಲ್ಲಿ. ಅದರ ಮೊದಲ ಮಾದರಿ 1995ರ ನವೆಂಬರ್‌ನಲ್ಲಿ ಹೊರಬಂತು. ಹಾರಿದ್ದು 2001ರ ಜನವರಿ 4ರಂದು. ಮಾರುತದ ಮೊದಲ ಹಾರಾಟಕ್ಕೂ ಇದಕ್ಕೂ ನಡುವೆ ಸುಮಾರು ನಲವತ್ತು ವರ್ಷ. ತಂದೆ ಕಲಿತದ್ದನ್ನು ಮಗ ಮುಂದುವರಿಸಲಿಲ್ಲ. ಮೊಮ್ಮಗ ಅ ಆ ಇ ಈ ಯಿಂದ ಶುರು ಮಾಡಬೇಕಾಯಿತು.

ಕೋಟಾ ಹರಿನಾರಾಯಣ ಅವರ ನೇತೃತ್ವದ ತಂಡ ಈ ಸಲ ಬಹಳ ದೂರ ಸಾಗಿತು. ವಿಮಾನದ ಮೈಯ ಬಹುಭಾಗವನ್ನು ಇಂಗಾಲದ ನಾರಿನ ವಸ್ತುವಿನಿಂದ ಮಾಡಿದರು. ಪೈಲಟ್ಟನ ಕೈಚಲನೆಯನ್ನು ಗಣಕಯಂತ್ರ ಓದಿ ರೆಕ್ಕೆಗೆ ತಿಳಿಸುವ ವ್ಯವಸ್ಥೆಯನ್ನು ಅಮೆರಿಕದ ಕಂಪನಿಯೊಂದರ ಜೊತೆ ರೂಪಿಸುತ್ತಿದ್ದಾಗ 1998ರಲ್ಲಿ ಪೋಖರಣ್ ಪರೀಕ್ಷೆ ನಡೆಯಿತು. ಅಮೆರಿಕ ದಿಗ್ಬಂಧನ ಹೇರಿ ಭಾರತದ ವಿಜ್ಞಾನಿಗಳನ್ನು ವಾಪಸು ಕಳಿಸಿತು. ಉಳಿದ ಕೆಲಸವನ್ನು ಬೆಂಗಳೂರಿನಲ್ಲೇ ಮುಗಿಸಿದರು. 2003ರಲ್ಲಿ ಪ್ರಧಾನಿ ವಾಜಪೇಯಿ ವಿಮಾನಕ್ಕೆ ‘ತೇಜಸ್’ ಎಂದು ಹೆಸರಿಟ್ಟರು. 2016ರಲ್ಲಿ ಅದು ವಾಯುಪಡೆಯ 45ನೆಯ ಸ್ಕ್ವಾಡ್ರನ್ನಿಗೆ ಸೇರಿತು.

ಆದರೆ ತೇಜಸ್ಸಿನ ಎಂಜಿನ್ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು. ಸ್ವದೇಶಿ ಎಂಜಿನ್ನಿಗಾಗಿ 1989ರಲ್ಲಿ ಸುಮಾರು 383 ಕೋಟಿ ರೂಪಾಯಿಯ ‘ಕಾವೇರಿ’ ಯೋಜನೆ ಆರಂಭವಾಗಿತ್ತು. ಬೆಂಗಳೂರಿನ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆ ಎಂಜಿನ್ ಕಟ್ಟಿತು, ಓಡಿಸಿತು, 2010ರಲ್ಲಿ ರಷ್ಯದಲ್ಲಿ ದೊಡ್ಡ ವಿಮಾನವೊಂದಕ್ಕೆ ತೂಗುಹಾಕಿ ಹಾರಿಸಿಯೂ ನೋಡಿತು. ತೂಕ ಗುರಿಗಿಂತ ಹೆಚ್ಚಾಯಿತು, ನೂಕುಬಲ ಗುರಿಗಿಂತ ಕಡಿಮೆಯಾಯಿತು. ಅದಕ್ಕೆ ಮೊದಲೇ, 2008ರಲ್ಲಿ, ಕಾವೇರಿಯನ್ನು ತೇಜಸ್ಸಿನಿಂದ ಬೇರ್ಪಡಿಸಲಾಗಿತ್ತು. 2021ರಲ್ಲಿ 83 ತೇಜಸ್‌ ವಿಮಾನಗಳ ಹೊಸ ಮಾದರಿಗೆ ಒಪ್ಪಂದವಾಯಿತು. ಅವುಗಳಿಗೆ ಬೇಕಾದ ಅಮೆರಿಕದ ಎಂಜಿನ್ನುಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ಆ ವರ್ಷ ಬೆಂಗಳೂರಿನಲ್ಲಿ ವಿಮಾನದ ಮೈಗಳು ಸಿದ್ಧವಾಗಿ ಎಂಜಿನ್ನಿನ ದಾರಿ ಕಾಯುತ್ತಿದ್ದವು. ಅರವತ್ತು ವರ್ಷದ ಹಿಂದೆ ಮಾರುತಕ್ಕಾದದ್ದೇ ಬೇರೆ ರೂಪದಲ್ಲಿ ಮರಳಿ ಬಂದಿತ್ತು.

ತಾಳ್ಮೆಗೂ ಲೆಕ್ಕ ಬೇಕು

ಇದರ ವಿರುದ್ಧ ಹೇಳುವ ಮಾತುಗಳಿಗೂ ತೂಕವಿದೆ. ವಾಯುಪಡೆಗೆ 42 ಸ್ಕ್ವಾಡ್ರನ್‌ಗಳ ಮಂಜೂರಾತಿಯಿದೆ. 2025ರ ಸೆಪ್ಟೆಂಬರ್‌ನಲ್ಲಿ ಕೊನೆಯ ಮಿಗ್-21ಗಳು ನಿವೃತ್ತಿಯಾದಾಗ ಉಳಿದದ್ದು 29. ಗಡಿ ಕಾಯುವವರು ವಿಜ್ಞಾನಿಗಳ ಕಲಿಕೆ ಮುಗಿಯಲೆಂದು ಕಾದು ಕೂರುವಂತಿಲ್ಲ. ತೇಜಸ್ ವಿಮಾನಗಳು 2024ರ ಮಾರ್ಚ್‌ನಲ್ಲಿ ಜೈಸಲ್ಮೇರಿನ ಬಳಿ, 2025ರ ನವೆಂಬರ್‌ನಲ್ಲಿ ದುಬೈಯಲ್ಲಿ ಬಿದ್ದವು. ಎರಡನೆಯದರಲ್ಲಿ ಪೈಲಟ್ ಜೀವ ಕಳೆದುಕೊಂಡರು. ಸ್ವದೇಶಿ ಎಂಬ ಕಾರಣಕ್ಕೆ ವಿಳಂಬವನ್ನಾಗಲಿ ದೋಷವನ್ನಾಗಲಿ ಮನ್ನಿಸಬೇಕಿಲ್ಲ. ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯನವರು ನಷ್ಟವನ್ನು ಸಹಿಸಿದ್ದು ನಿಜ, ಆದರೆ ಕಣ್ಣುಮುಚ್ಚಿ ಸಹಿಸಲಿಲ್ಲ. ಒಂದೊಂದು ಖರ್ಚಿಗೂ ಲೆಕ್ಕ ಕೇಳಿದರು.

ಹಾಗೆಂದು ಕಲಿಕೆಯನ್ನು ನಡುವೆ ಕೈಬಿಟ್ಟರೆ ಆಗುವ ನಷ್ಟ ಯಾವ ಲೆಕ್ಕಪುಸ್ತಕದಲ್ಲೂ ಕಾಣುವುದಿಲ್ಲ. ಚೀನ ತನ್ನ ಜೆ-10 ವಿಮಾನಕ್ಕೆ ಬಹುಕಾಲ ರಷ್ಯದ ಎಂಜಿನ್ ಬಳಸಿತು. ಅದರ ಜೊತೆಗೇ ಸ್ವಂತ ಎಂಜಿನ್ನಿನ ಕೆಲಸವನ್ನು ಬಿಡದೆ ನಡೆಸಿ ಕೊನೆಗೆ ಅದನ್ನೇ ಅಳವಡಿಸಿಕೊಂಡಿತು. ಕೊಳ್ಳುವುದು, ಕಲಿಯುವುದು ಎರಡೂ ಒಟ್ಟಿಗೆ ನಡೆಯಬೇಕು. ಕಾವೇರಿ ತೇಜಸ್ಸಿಗೆ ಒದಗದಿದ್ದರೂ ಅದನ್ನು ಪೈಲಟ್‌ರಹಿತ ವಿಮಾನಕ್ಕೆ ಹೊಂದಿಸುವ ಪ್ರಯತ್ನ ನಡೆದಿದೆ. ಒಂದೇ ಹರಳಿನ ಟರ್ಬೈನ್ ಅಲಗುಗಳನ್ನು ಹೈದರಾಬಾದಿನ ಪ್ರಯೋಗಾಲಯ ಸಾಧಿಸಿ, 2021ರಲ್ಲಿ ಹೆಲಿಕಾಪ್ಟರ್ ಎಂಜಿನ್ನಿಗಾಗಿ ಎಚ್‌ಎಎಲ್‌ಗೆ 60 ಅಲಗು ಕೊಟ್ಟಿತು. ಅರವತ್ತು ಅಲಗು ದೊಡ್ಡ ಸಂಖ್ಯೆಯಲ್ಲ. 1923ರಲ್ಲಿ ಭದ್ರಾವತಿಯ ಕುಲುಮೆಯಿಂದ ಹರಿದ ಮೊದಲ ಬೀಡೂ ದೊಡ್ಡ ಪ್ರಮಾಣದ್ದಾಗಿರಲಿಲ್ಲ.

ಕೈಬಿಡುವುದೆಂದರೇನು ಎಂಬುದನ್ನೂ ಈ ಊರು ಬಲ್ಲದು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ 1989ರಲ್ಲಿ ಉಕ್ಕು ಪ್ರಾಧಿಕಾರದ ಆಶ್ರಯಕ್ಕೆ ಹೋಯಿತು, 1998ರಲ್ಲಿ ಅದರಲ್ಲಿ ವಿಲೀನವಾಯಿತು. ಸ್ವಂತ ಅದಿರಿನ ಗಣಿಯಿಲ್ಲದೆ ಸೊರಗಿತು. ನೂರು ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನದ ಸುದ್ದಿ ಬಂತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಹೋರಾಡಿದರು. ಅದೇ ವರ್ಷ ಕೆಲವು ವಿಭಾಗಗಳಲ್ಲಿ ಕೆಲಸ ಮತ್ತೆ ಆರಂಭವಾಯಿತು. ಯಂತ್ರಗಳಿಗೆ ಹತ್ತು ವರ್ಷದ ನಂತರವೂ ಎಣ್ಣೆ ಹಾಕಿ ಓಡಿಸಬಹುದು. ಚದುರಿಹೋದ ಕೆಲಸಗಾರರನ್ನು ಹಾಗೆ ಮತ್ತೆ ಕೂಡಿಸಲಾಗದು. ಮಾರುತದ ವಿನ್ಯಾಸ ತಂಡ ಕರಗಿದ ಮೇಲೆ ದೇಶ ತೆತ್ತ ನಲವತ್ತು ವರ್ಷ ಇದಕ್ಕೆ ಸಾಕ್ಷಿ.

ಶಿವಮೊಗ್ಗ ಜಿಲ್ಲೆಯ ಶಾಲೆಗಳ ಮಕ್ಕಳು ಪ್ರವಾಸಕ್ಕೆಂದು ಬೆಂಗಳೂರಿಗೆ ಹೋದಾಗ ಕಬ್ಬನ್ ಉದ್ಯಾನದ ಪಕ್ಕದ ವಿಶ್ವೇಶ್ವರಯ್ಯ ಕೈಗಾರಿಕಾ ವಸ್ತುಸಂಗ್ರಹಾಲಯವನ್ನು ತಪ್ಪದೆ ನೋಡುತ್ತಾರೆ. ಅಲ್ಲಿನ ಅಂಗಳದಲ್ಲಿ ಒಂದು ಮಾರುತ ವಿಮಾನವಿದೆ. ಭದ್ರಾವತಿಯ ಕುಲುಮೆಯನ್ನು ನಷ್ಟದ ದಿನಗಳಲ್ಲೂ ಆರಲು ಬಿಡದವರ ಹೆಸರಿನ ಕಟ್ಟಡದ ಮುಂದೆಯೇ ಅದು ನಿಂತಿದೆ. ಅದನ್ನು ಕಟ್ಟಿದವರಿಗೆ ಇನ್ನೊಂದು ವಿಮಾನ ಕಟ್ಟಲು ಏಕೆ ಕೊಡಲಿಲ್ಲ ಎಂದು ಮಕ್ಕಳು ಕೇಳಿದರೆ, ಜೊತೆಯಲ್ಲಿ ಹೋದ ಮೇಷ್ಟರು ಈ ಇಡೀ ಕತೆಯನ್ನು ಹೇಳಬೇಕಾಗುತ್ತದೆ.